ಮರಳಿನ ಟಬ್ಬಿಗೆ ನಾನು ಒರೆಸಿದ ಫಿನಾಯಿಲ್

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ವರ್ಷಗಳನ್ನು ತಳ್ಳಿಬಿಟ್ಟೆ. ಒಂದು ಬೆಕ್ಕು ತನಗಾಗಿ ಇಟ್ಟಿದ್ದ ಮರಳಿನ ಟಬ್ಬನ್ನು ಬಿಟ್ಟು ಮನೆಯೆಲ್ಲ ಹೊಲಸು ಮಾಡುವಂತೆ ಮಾಡಿದವನು ನಾನು — ಕೈಯಾರೆ, ತಿಳಿದೂ ತಿಳಿದೂ. ಅಪವಾದ ಹೊತ್ತವಳು ಅದನ್ನು ಸಾಕಿದ ಹೆಣ್ಣುಮಗಳು. ಬೆಕ್ಕಿನ ವಿಷಯಕ್ಕೆ ಇಷ್ಟು ದೊಡ್ಡ ಮಾತೇ ಎಂದು ನಿಮಗೆ ಅನ್ನಿಸಬಹುದು. ನಾನೂ ಹಾಗೆಯೇ ಅಂದುಕೊಂಡೆ — ಬೆಕ್ಕಲ್ಲವೇ, ಹೋದರೆ ಹೋಯಿತು, ಎಂದು. ಅಂದುಕೊಂಡು ಬಾಯಿ ಮುಚ್ಚಿಕೊಂಡೆ.

ಹೆಂಡತಿ ತೀರಿಕೊಂಡ ಮೇಲೆ ನಾನು ಈ ಕೊಲ್ಲಿ ದೇಶದಲ್ಲಿ, ಲುಸೈಲಿನ ಮಗಳ ಮನೆಯಲ್ಲಿದ್ದೇನೆ. ಕಳೆದ ತಿಂಗಳು ಆ ಮನೆಗೆ ಒಂದು ಬೆಕ್ಕಿನ ಮರಿ ಬಂತು. ಅದರ ಮರಳಿನ ಟ್ರೇಯನ್ನು ಎಲ್ಲಿಡುವುದು ಎಂದು ಮಗಳು ಕೈಯಲ್ಲಿ ಹಿಡಿದುಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು. ನಾನು ಕೂತಲ್ಲಿಂದಲೇ ಹೇಳತೊಡಗಿದೆ. ಬಾಲ್ಕನಿ ಬೇಡ, ಇಲ್ಲಿಯ ಬಿಸಿಲಿಗೆ ಮರಳು ಕಾದು ಕಾಲು ಸುಡುತ್ತದೆ. ಅದು ಉಣ್ಣುವ ಜಾಗದಿಂದ ದೂರ ಇರಲಿ. ವಾಷಿಂಗ್ ಮಷೀನಿನ ಹತ್ತಿರ ಬೇಡವೇ ಬೇಡ. ಜನ ತುಳಿದಾಡದ ಮೂಲೆ ಬೇಕು, ಆದರೆ ಕೂತಲ್ಲಿಂದ ಬಾಗಿಲು ಕಾಣಬೇಕು. ಬೆಳಿಗ್ಗೆ ಸಂಜೆ ಗಟ್ಟಿಯಾದದ್ದನ್ನು ಎತ್ತಿ ತೆಗೆ, ವಾರಕ್ಕೊಮ್ಮೆ ಮರಳು ಪೂರ್ತಿ ಬದಲಿಸು. ಟ್ರೇ ತೊಳೆಯಲು ಬಿಸಿನೀರು, ವಾಸನೆಯಿಲ್ಲದ ಸೋಪು ಸಾಕು. ಬೇರೆ ಏನೂ ಬೇಡ — ಏನೂ ಹಾಕಬೇಡ!

ಕೊನೆಯ ಮಾತಿಗೆ ನನ್ನ ಸ್ವರ ಏರಿತು. ಮಗಳು ನಕ್ಕಳು. "ನೀವು ಯಾವಾಗ ಬೆಕ್ಕು ಸಾಕಿದ್ದು ಅಪ್ಪಾ?" ಎಂದಳು.

ನಾನು ಸಾಕಿರಲಿಲ್ಲ. ಆ ಮಾತುಗಳೆಲ್ಲ ಬೇರೆಯವರದು.

ಮಗಳು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ಕಾಲದಲ್ಲಿ ನಾನು, ನನ್ನ ಹೆಂಡತಿ ವನಜ ಇದೇ ದೇಶದಲ್ಲಿ, ಬಿನ್ ಮಹಮೂದ್ ಎಂಬ ಬಡಾವಣೆಯ ಒಂದು ಹಳೆಯ ಫ್ಲ್ಯಾಟಿನಲ್ಲಿದ್ದೆವು. ಎರಡು ಕೋಣೆ, ಒಂದು ಹಾಲು, ಒಂದೇ ಬಚ್ಚಲು. ಎಲ್ಲರೂ ಮಾಡುವಂತೆ ನಾವೂ ಒಂದು ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದೆವು. ಬಂದವರು ಬಾಗಲಕೋಟೆ ಕಡೆಯ ಗಂಡಹೆಂಡಿರು. ಗಂಡ ಮಲ್ಲಿಕಾರ್ಜುನ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸದವನು. ವಾರವೆಲ್ಲ ಅಲ್ಲಿಯ ಕ್ಯಾಂಪಿನಲ್ಲಿದ್ದು ರಜೆಗೆ ಮಾತ್ರ ಮನೆಗೆ ಬರುತ್ತಿದ್ದ. ಹೆಂಡತಿ ಕೋಣೆಯಲ್ಲಿ ಒಬ್ಬಳೇ. ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಆಗಾಗ ಇಬ್ಬರೂ ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಬರುತ್ತಿದ್ದರು. ಬಂದ ದಿನ ಆಕೆ ಹೆಚ್ಚು ಮಾತನಾಡುತ್ತಿರಲಿಲ್ಲ.

ಕಟ್ಟಡದ ಹಿಂದಿನ ಕಸದ ಡ್ರಮ್ಮಿನ ಹತ್ತಿರ ಕೂಗುತ್ತಿದ್ದ ಒಂದು ಮರಿಯನ್ನು ಆಕೆ ದುಪಟ್ಟಾದಲ್ಲಿ ಸುತ್ತಿ ತಂದಳು. ನಿಂಗಿ ಎಂದು ಹೆಸರಿಟ್ಟಳು. ಬಾಗಿಲಲ್ಲೇ ನಿಂತು ನನ್ನ ಒಪ್ಪಿಗೆ ಕೇಳಿದಳು — ಮನೆಯ ಕರಾರು ನನ್ನ ಹೆಸರಿನಲ್ಲಿತ್ತಲ್ಲ. ನಾನು ಉದಾರವಾಗಿ, ವನಜ ಕೇಳುವಂತೆ, ಮನೆ ಅಂದಮೇಲೆ ಒಂದು ಜೀವ ಇರಲಿ ಬಿಡಿ ಎಂದೆ. ಆಕೆ ಒಂದು ಅಗಲವಾದ ಪ್ಲಾಸ್ಟಿಕ್ ಟಬ್ಬಿಗೆ ಬೆಕ್ಕಿನ ಮರಳು ತುಂಬಿ, ಬಚ್ಚಲಿನ ಹೊರಗೆ, ಮನೆಯೊಳಗಿನ ಇಕ್ಕಟ್ಟಾದ ಓಣಿಯ ಮೂಲೆಯನ್ನು ತೋರಿಸಿದಳು.

"ಇಲ್ಲಿಟ್ರ ನಡೀತದೇನ್ರಿ ಕಾಕಾರ? ಉಣ್ಣೂ ಜಾಗಾದ ಹತ್ರ ಇಡಬಾರದ್ರಿ ಇದನ್ನ. ಬಾಗಲಾ ಕಾಣಬೇಕ್ರಿ ಅದಕ್ಕ, ಯಾರ ಬಂದ್ರು ಅಂತ. ನಾಚಿಕಿ ಭಾಳ ಅದಕ."

ನಡೆಯುತ್ತದೆ ಎಂದೆ. ನಿಜಕ್ಕೂ ನಡೆಯುತ್ತಿತ್ತು. ಆಕೆ ಹೊತ್ತುಹೊತ್ತಿಗೆ ಮರಳು ಕೆದಕಿ ತೆಗೆಯುತ್ತಿದ್ದಳು, ಟಬ್ಬಿನ ಕೆಳಗೆ ಹಳೆಯ ಚಾಪೆ ಹಾಸಿದ್ದಳು, ಬೆಕ್ಕಿನ ಕಾಲಿಗೆ ಅಂಟಿದ ಹರಳುಗಳನ್ನು ಗುಡಿಸುತ್ತಿದ್ದಳು. ವನಜ ಆಕೆಯಿಂದ ರೊಟ್ಟಿ ಬಡಿಯುವುದನ್ನು ಕಲಿತಳು, ಆಕೆ ವನಜಳಿಂದ ನೀರುದೋಸೆ ಕಲಿತಳು. ಇಬ್ಬರೂ ಅಡುಗೆಮನೆಯಲ್ಲಿ ನಗುವಾಗ ನಿಂಗಿ ಹೊಸ್ತಿಲಲ್ಲಿ ಮಲಗಿರುತ್ತಿತ್ತು. ಎಲ್ಲಿಯೂ ವಾಸನೆ ಇರಲಿಲ್ಲ. ಇದನ್ನು ನಾನು ಈಗ ಒತ್ತಿ ಹೇಳಬೇಕು — ವಾಸನೆ ಇರಲಿಲ್ಲ.

ನನ್ನ ಕೆಲಸವನ್ನೂ ಹೇಳಬೇಕು. ಹೈಸ್ಕೂಲು ಮುಗಿಸಿ ಬಂದವನು ನಾನು. ದೊಡ್ಡ ಆಫೀಸು ಕಟ್ಟಡಗಳ ಕ್ಲೀನಿಂಗಿಗೆ ಸೂಪರ್‌ವೈಸರ್ ಆಗಿದ್ದೆ. ಹುಡುಗರು ಒರೆಸಿ ಹೋದ ಮೇಲೆ ಕಕ್ಕಸುಗಳ ಒಳಗೆ ಹೋಗಿ ಮೂಸಿ ನೋಡಿ ಸಹಿ ಹಾಕುವುದು — ಅದೇ ಕೆಲಸ. ಊರಿನಲ್ಲಿ ಯಾರಾದರೂ ಕೇಳಿದರೆ ಆಫೀಸಿನಲ್ಲಿದ್ದೇನೆ ಎಂದಷ್ಟೇ ಹೇಳುತ್ತಿದ್ದೆ.

ಇಲ್ಲಿ ವಾರದ ರಜೆ ಶುಕ್ರವಾರ; ಆ ದಿನ ನಮ್ಮಲ್ಲಿ ಭಜನೆ ಇರುತ್ತಿತ್ತು. ನಮ್ಮ ಕಡೆಯ ತುಳುವರು ಏಳೆಂಟು ಜನ ಸೇರುತ್ತಿದ್ದರು. ಒಂದು ಶುಕ್ರವಾರ ಅವರಲ್ಲೊಬ್ಬ ಕಾಲು ತೊಳೆಯಲು ಬಚ್ಚಲಿಗೆ ಹೋದವನು ಟಬ್ಬನ್ನು ನೋಡಿ ಬಂದು, ಚಾಪೆಯ ಮೇಲೆ ಕೂತು, ಎಲ್ಲರೂ ಕೇಳುವಂತೆ ಹೇಳಿದ:

"ಎಂತ ಮಾರಾಯ್ರೆ, ಡ್ಯೂಟಿಯಲ್ಲಿಯೂ ಕಕ್ಕಸು, ಮನೆಗೆ ಬಂದರೂ ಕಕ್ಕಸಾ? ನಿಮಗೆ ರಜೆಯೇ ಇಲ್ಲವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ತಾಳ ಕೈಗೆತ್ತಿಕೊಂಡೆ. ಆದರೆ ಆ ದಿನ ಏನು ಹಾಡಿದೆವು ಎಂಬುದು ನನಗೆ ನೆನಪಿಲ್ಲ.

ಟಬ್ಬು ತೆಗೆಯಿರಿ ಎಂದು ಆಕೆಗೆ ನೇರವಾಗಿ ಹೇಳಬಹುದಿತ್ತು. ಆಕೆ ತೆಗೆಯುತ್ತಿದ್ದಳು, ಎದುರಾಡುವವಳಲ್ಲ. ಆದರೆ ಇರಲಿ ಬಿಡಿ ಎಂದ ದೊಡ್ಡ ಮನುಷ್ಯ ನಾನೇ ಅಲ್ಲವೇ — ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನ್ನ ಸಣ್ಣತನ ಬಿಡಲಿಲ್ಲ. ಅದರ ಬದಲು, ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮೊದಲು ಬಚ್ಚಲು ತೊಳೆಯುವ ನನ್ನ ಎಂದಿನ ರೂಢಿಗೆ ಇನ್ನೊಂದನ್ನು ಸೇರಿಸಿಕೊಂಡೆ. ನೀರು ಬೆರೆಸದ ಫಿನಾಯಿಲಿನಲ್ಲಿ ಬಟ್ಟೆ ಅದ್ದಿ ಟಬ್ಬಿನ ಅಂಚನ್ನು, ಹೊರಮೈಯನ್ನು, ಕೆಳಗಿನ ಚಾಪೆಯನ್ನು ಒರೆಸಿದೆ. ಮೊದಲ ದಿನ ನನ್ನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಶುದ್ಧ ಅಂದರೆ ಫಿನಾಯಿಲ್ ವಾಸನೆ, ಅಷ್ಟೇ ನನಗೆ ಗೊತ್ತಿದ್ದದ್ದು ಎಂದು. ಅದೂ ಪೂರ್ತಿ ನಿಜವಲ್ಲ. ಕಟ್ಟಡಗಳ ಹಿಂದಿನ ಮೆಟ್ಟಿಲಲ್ಲಿ ಬೀದಿಬೆಕ್ಕುಗಳು ಗಲೀಜು ಮಾಡುತ್ತವೆ ಎಂದು ದೂರು ಬಂದಾಗ, ಅವು ಬರದಂತೆ ಅಲ್ಲಿ ಫಿನಾಯಿಲ್ ಹೊಯ್ಯಿಸುತ್ತಿದ್ದವನು ಯಾರು? ನಾನೇ. ಅದು ನನ್ನದೇ ವಿದ್ಯೆ.

ಒಂದು ರಜೆಯ ಬೆಳಿಗ್ಗೆ ಕಣ್ಣಾರೆ ಕಂಡೆ. ನಿಂಗಿ ಟಬ್ಬಿನ ಹತ್ತಿರ ಬಂತು. ಮುಂಗಾಲನ್ನು ಅಂಚಿನ ಮೇಲೆ ಇಟ್ಟಿತು, ಮೂಸಿತು, ಕಾಲನ್ನು ಕೊಡವಿತು. ಸುತ್ತು ಬಂದು ಇನ್ನೊಂದು ಕಡೆಯಿಂದ ಪ್ರಯತ್ನಿಸಿತು. ಆಮೇಲೆ ನನ್ನ ಮುಖ ನೋಡಿತು. ಸ್ವಲ್ಪ ಹೊತ್ತಿನಲ್ಲಿ ಒಳಕೋಣೆಯಿಂದ ಆಕೆಯ ದನಿ — ಬೆಕ್ಕು ಹಾಸಿಗೆಯ ಮೇಲೆ ಉಚ್ಚೆ ಮಾಡಿತ್ತು. ಆಕೆ ಬೈಯುತ್ತಿರಲಿಲ್ಲ. ಏನಾತವ್ವಾ ನಿನಗ, ಏನಾತು, ಎಂದು ಕೇಳುತ್ತಿದ್ದಳು.

ಮರುದಿನವೂ ನಾನು ಒರೆಸಿದೆ. ನನ್ನ ತಪ್ಪು ಶುರುವಾದದ್ದು ಯಾವಾಗ ಎಂದು ಯಾರಾದರೂ ಕೇಳಿದರೆ ಆ ಮರುದಿನವನ್ನೇ ತೋರಿಸಬೇಕು. ಅದರ ಹಿಂದಿನದನ್ನು ಬೇಕಾದರೆ ಅಜ್ಞಾನ ಅನ್ನಿ. ಆ ದಿನದಿಂದ ಮುಂದಿನದಕ್ಕೆ —

ಆಕೆ ಬಗೆಬಗೆಯ ಮರಳು ತಂದಳು. ಟಬ್ಬನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದಳು. ಬಚ್ಚಲೆಲ್ಲ ಫಿನಾಯಿಲ್ ವಾಸನೆಯೇ ಇದ್ದದ್ದರಿಂದ ಟಬ್ಬಿನದು ಆಕೆಗೆ ಬೇರೆಯಾಗಿ ತಿಳಿಯಲಿಲ್ಲ. ನಾನು ಅಲ್ಲಿ ಬಗ್ಗಿ ಒರೆಸುವುದನ್ನು ಒಮ್ಮೆ ನೋಡಿದಳು. ಆಕೆ ಸಂಕೋಚದಿಂದ, ನೀವ್ಯಾಕ್ರಿ ಕಾಕಾರ ತ್ರಾಸ ತಗೋತೀರಿ, ನಾ ಮಾಡ್ತೀನಲ್ರಿ, ಎಂದು ನನ್ನ ಕೈಯಿಂದ ಬಟ್ಟೆ ತೆಗೆದುಕೊಳ್ಳಲು ಬಂದಳು. ನಾನು ಪರವಾಗಿಲ್ಲ ಎಂದು ದೊಡ್ಡತನದಿಂದ ಕಳಿಸಿದೆ.

ಕೊನೆಗೆ ಟಬ್ಬನ್ನು ತನ್ನ ಕೋಣೆಯೊಳಗೇ ಇಟ್ಟುಕೊಂಡಳು. ಬೆಕ್ಕು ತಕ್ಷಣ ಸರಿಹೋಯಿತು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಓಣಿ ಖಾಲಿಯಾಗಿತ್ತು, ಭಜನೆಯವರ ಕಣ್ಣಿಗೆ ಏನೂ ಬೀಳುತ್ತಿರಲಿಲ್ಲ. ಆದರೆ ಅಷ್ಟರಲ್ಲಿ ಬೆಕ್ಕು ಹೋಗಬೇಕು ಎಂಬುದು ನನ್ನಲ್ಲಿ ಗಟ್ಟಿಯಾಗಿತ್ತು. ನಾನು ಹಿರಿಯನಂತೆ ಬುದ್ಧಿ ಹೇಳಿದೆ — ಏಸಿ ಹಾಕಿ ಬಾಗಿಲು ಮುಚ್ಚಿ ಮಲಗುವ ಕೋಣೆಯಲ್ಲಿ ಅದನ್ನು ಇಡಬಾರದು, ನೀವು ಮದ್ದು ತೆಗೆದುಕೊಳ್ಳುವವರು, ಒಳ್ಳೆಯದಲ್ಲ. ಅಡುಗೆಮನೆಯ ಆಚೆ ವಾಷಿಂಗ್ ಮಷೀನಿನ ಹಿಂದೆ ಇಡಿ. ಮಷೀನು ಹಳೆಯದು, ಬಟ್ಟೆ ಹಿಂಡುವಾಗ ನೆಲವೇ ನಡುಗುತ್ತಿತ್ತು. ಅಲ್ಲಿ ಕೂತರೆ ಬಾಗಿಲೂ ಕಾಣುವುದಿಲ್ಲ. ಇದೆಲ್ಲ ನನಗೆ ಗೊತ್ತಿತ್ತು, ಯಾಕೆಂದರೆ ಆಕೆಯೇ ನನಗೆ ಕಲಿಸಿದ್ದಳು. ಆಕೆ ಒಂದು ಕ್ಷಣ ಹಿಂಜರಿದಳು. ಆಮೇಲೆ, ನೀವು ಹೇಳಿದ್ಮ್ಯಾಲೆ ಆತ್ರಿ, ಎಂದು ಎತ್ತಿಕೊಂಡು ಹೋಗಿ ಇಟ್ಟಳು. ಅಲ್ಲಿಯೂ ನನ್ನ ಫಿನಾಯಿಲ್ ತಪ್ಪಲಿಲ್ಲ.

ಮುಂದಿನ ಶುಕ್ರವಾರ ಭಜನೆಗೆಂದು ಹಾಸಿದ್ದ ಜಮಖಾನೆಯ ಮೇಲೆ ನಿಂಗಿ ಹೊಲಸು ಮಾಡಿತು. ಜನ ಇನ್ನೂ ಬಂದಿರಲಿಲ್ಲ. ಮಲ್ಲಿಕಾರ್ಜುನ ರಜೆಗೆ ಮನೆಯಲ್ಲಿದ್ದ. ಆಕೆ ಓಡಿಬಂದು ಮಂಡಿಯೂರಿ ಒರೆಸತೊಡಗಿದಳು. ನನಗೆ ಕೋಪ ಬರಲು ಯಾವ ಹಕ್ಕೂ ಇರಲಿಲ್ಲ. ಆದರೂ ಕೋಪ ಬಂತು — ನಿಜವಾದ ಕೋಪವೇ ಬಂತು, ಅದೇ ನನಗೆ ಇಂದಿಗೂ ಅರ್ಥವಾಗದ್ದು. ನಾನು ಅಂದೆ:

"ಒಂದು ಬೆಕ್ಕನ್ನು ನೋಡಿಕೊಳ್ಳಲಿಕ್ಕೆ ಆಗುವುದಿಲ್ಲ ನಿಮಗೆ. ಇನ್ನು..."

ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಿದ್ದರಿಂದಲೇ ಎಲ್ಲರಿಗೂ ಕೇಳಿಸಿತು. ವನಜ ನನ್ನನ್ನೇ ನೋಡಿದಳು. ಮಲ್ಲಿಕಾರ್ಜುನ ನೆಲ ನೋಡಿದ. ಆಕೆಯ ಕೈ ಜಮಖಾನೆಯ ಮೇಲೆ ನಿಂತುಬಿಟ್ಟಿತು, ಆಮೇಲೆ ಮತ್ತೆ ಒರೆಸತೊಡಗಿತು — ಒಣಗಿದ ಜಾಗವನ್ನೇ.

ಮಲ್ಲಿಕಾರ್ಜುನ ಮೆಲ್ಲಗೆ ಹೇಳಿದ, "ಖಲಾಸ್ ಮಾಡೂಣ್ರಿ ಕಾಕಾರ. ಎಲ್ಲ್ಯಾರ ಬಿಟ್ಟ ಬರೂಣು."

ನನ್ನದೊಂದು ಹಳೆಯ ಕಾರಿತ್ತು. ಅಲ್ ಖೋರ್ ಕಡೆಗೆ ಒಂದು ಮಜ್ರಾದಲ್ಲಿ, ಅಂದರೆ ತರಕಾರಿ ಬೆಳೆಯುವ ತೋಟದಲ್ಲಿ, ಇಲಿಕಾಟಕ್ಕೆ ಬೆಕ್ಕು ಬೇಕಾಗಿದೆ ಎಂದು ಯಾರೋ ಹೇಳಿದ್ದರು. ಮರುದಿನ ನಾನೇ ಕಾರು ಓಡಿಸಿದೆ. ಮಲ್ಲಿಕಾರ್ಜುನ ನನ್ನ ಪಕ್ಕದಲ್ಲಿ. ಆಕೆ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ತೂತು ಮಾಡಿದ ರಟ್ಟಿನ ಪೆಟ್ಟಿಗೆ. ಕಾಲ ಬಳಿ ಆ ಟಬ್ಬು. ತೋಟದಲ್ಲಿ ಟಬ್ಬು ಯಾಕೆ ಎಂದು ಗಂಡ ಕೇಳಿದ್ದಕ್ಕೆ, ಹೊಸ ಜಾಗ, ಎರಡು ದಿನ ಇರಲಿ, ಎಂದಿದ್ದಳಂತೆ. ದಾರಿಯುದ್ದಕ್ಕೂ ಪೆಟ್ಟಿಗೆಯೊಳಗಿಂದ ಸಣ್ಣಗೆ ಕೂಗು ಬರುತ್ತಿತ್ತು. ಊರು ದಾಟಿ ಮರಳುಗಾಡು ಶುರುವಾದ ಮೇಲೆ ಅದೂ ನಿಂತಿತು. ಆಗ ಆಕೆ ಹಿಂದಿನಿಂದ ಹೇಳಿದಳು:

"ಕಾಕಾರ, ನಿಮ್ಮ ಮನಿ ಹೊಲಸ ಮಾಡಿದ್ವಿ. ನಂದ ತಪ್ಪಾತ್ರಿ. ಮನಸಿನ್ಯಾಗ ಇಟ್ಕೋಬ್ಯಾಡ್ರಿ."

ಕಾರಿನಲ್ಲಿ ಮೂವರೇ ಇದ್ದೆವು. ಮುಂದೆ ರಸ್ತೆ ಖಾಲಿ. ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದಿರಲಿಲ್ಲ. ನಾನು ಕನ್ನಡಿಯಲ್ಲಿ ಕೂಡ ಆಕೆಯನ್ನು ನೋಡದೆ, "ಆಯಿತು, ಬಿಡಿ" ಎಂದೆ.

ನಾನು ಆಕೆಯನ್ನು ಕ್ಷಮಿಸಿದೆ. ಓದುವವರೇ, ಈ ಮಾತನ್ನು ಬರೆಯಲಿಕ್ಕಾಗಿಯೇ ನಾನು ಇಷ್ಟು ಬರೆದದ್ದು. ನಾನು ಆಕೆಯನ್ನು ಕ್ಷಮಿಸಿದೆ.

ಮಜ್ರಾದ ಮನುಷ್ಯನಿಗೆ ಆಕೆ ಮುರುಕು ಹಿಂದಿಯಲ್ಲಿ ಟಬ್ಬು ಎಲ್ಲಿಡಬೇಕು, ಹೇಗೆ ತೊಳೆಯಬೇಕು ಎಂದು ಹೇಳಿಕೊಟ್ಟಳು. ಅವನು ತಲೆಯಾಡಿಸಿ ನಕ್ಕ. ನಾವು ಹೊರಟೆವು. ಆಕೆ ತಿರುಗಿ ನೋಡಿದಳೋ ಇಲ್ಲವೋ, ನನಗೆ ಗೊತ್ತಿಲ್ಲ.

ಆಮೇಲೆ ಮನೆ ಚೊಕ್ಕಟವಾಯಿತು. ಶುಕ್ರವಾರದವರು ಬಂದರು, ಹಾಡಿದರು, ಯಾರೂ ಏನೂ ಅನ್ನಲಿಲ್ಲ. ಆದರೆ ಆಕೆ ಅಡುಗೆಮನೆಗೆ ಬರುವುದನ್ನು ಕಡಿಮೆ ಮಾಡಿದಳು. ವನಜ ಕರೆದರೆ ಬರುತ್ತಿದ್ದಳು, ಕೆಲಸ ಮುಗಿದ ಕೂಡಲೇ ಹೋಗುತ್ತಿದ್ದಳು. ಕ್ಲಿನಿಕ್ಕಿಗೆ ಹೋಗುವುದೂ ನಿಂತಿತು. ಕೆಲವು ತಿಂಗಳ ನಂತರ ಊರಿಗೆ ಹೊರಟುಹೋದಳು. ಮಲ್ಲಿಕಾರ್ಜುನ ಕ್ಯಾಂಪಿನಲ್ಲೇ ಉಳಿದ. ಆ ಹುಡುಗಿಗೆ ನಾವು ಏನೋ ನೋವು ಮಾಡಿದೆವು ಅಂತ ಕಾಣುತ್ತದೆ, ಎಂದು ವನಜ ಎಷ್ಟೋ ಸಲ ಅಂದಳು. ನಾವು ಎಂದಳು, ಪಾಪ. ಅವಳಿಗೂ ನಾನು ಹೇಳಲಿಲ್ಲ. ಈಗ ಹೇಳುವಂತಿಲ್ಲ.

ಕೆಲವು ವರ್ಷಗಳ ಮೇಲೆ ಕನ್ನಡದವರ ಒಂದು ಸಮಾರಂಭದಲ್ಲಿ ಮಲ್ಲಿಕಾರ್ಜುನ ಸಿಕ್ಕಿದ. ಕಾಲಿಗೆ ಬಗ್ಗಿ ನಮಸ್ಕಾರ ಮಾಡಿದ. ತಡೆಯುವುದು ನನಗೆ ತೋಚಲಿಲ್ಲ. ಮನೆಯವರು ಹೇಗಿದ್ದಾರೆ ಎಂದು ಕೇಳಿದೆ. ಊರಲ್ಲಿ ಆರಾಮ ಇದ್ದಾಳೆ, ಅವ್ವನ ಜೊತೆ ಇದ್ದಾಳೆ ಎಂದ. ಮತ್ತೆ ಬೆಕ್ಕು ಗಿಕ್ಕು ಸಾಕಿದ್ದಾರಾ ಎಂದೆ — ಯಾಕೆ ಕೇಳಿದೆನೋ.

"ಇಲ್ರಿ ಕಾಕಾರ. ಓಣ್ಯಾಗಿನವ್ರು ಒಂದ ಮರಿ ಕೊಡಾಕ ಬಂದಿದ್ರು. ಒಲ್ಲೆ ಅಂದ್ಳು. ನನ್ನ ಕೈಗೆ ಯಾ ಜೀವಾನೂ ಹತ್ತೂದಿಲ್ಲ ಅಂತಾಳ್ರಿ."

ಅವನು ಅದನ್ನು ದೂರು ಎಂಬಂತೆ ಹೇಳಲಿಲ್ಲ. ಸುಮ್ಮನೆ ಹೇಳಿದ, ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡು. ನಾನು ಏನು ಹೇಳಿದೆ ಗೊತ್ತೇ? ಬೆಕ್ಕಿನ ಜಾತಿಯೇ ಹಾಗಲ್ಲವಾ, ಎಂದೆ.

ಮೊನ್ನೆ ಮಗಳು ಮೊಬೈಲಿನಲ್ಲಿ ಏನೋ ಓದಿ ಹೇಳಿದಳು: ಫಿನಾಯಿಲ್ ಬೆಕ್ಕಿಗೆ ವಿಷವಂತೆ, ಅದು ಕಾಲು ನೆಕ್ಕಿಕೊಳ್ಳುವ ಪ್ರಾಣಿಯಲ್ಲವೇ. ಅಂದರೆ ಅಂದು ನಿಂಗಿ ಸಾಯದೆ ಉಳಿದದ್ದು ನನ್ನ ಪುಣ್ಯವಲ್ಲ, ಅದರ ಆಯುಷ್ಯ. ನಾನು ಎದ್ದು ಹೋಗಿ ಮರಿಯ ಟ್ರೇಯನ್ನು ನೋಡಿ ಬಂದೆ. ಸರಿಯಾಗಿಯೇ ಇತ್ತು. ಮಗಳಿಗೆ ಆ ದಿನ ಎಲ್ಲವನ್ನೂ ಹೇಳಿದೆ. ಇದನ್ನು ನನಗೆ ಹೇಳಿ ಏನು ಅಪ್ಪಾ, ಎಂದಳು ಅವಳು. ಅವಳು ಹೇಳಿದ್ದು ಸರಿ.

ಮಲ್ಲಿಕಾರ್ಜುನನ ನಂಬರು ಯಾರಿಂದಲೋ ಕೇಳಿ ಪಡೆದಿದ್ದೇನೆ. ಕ್ಷಮಿಸಿ ಎಂದು ಕೇಳಲು ಹೆದರಿಕೆ — ಆಕೆ ಒಲ್ಲೆ ಅಂದಾಳೆಂದಲ್ಲ. ಆಕೆ ಕೂಡಲೇ, ಇರಲಿ ಬಿಡ್ರಿ ಕಾಕಾರ, ಎಂದುಬಿಡುತ್ತಾಳೆ. ಅದನ್ನು ಕೇಳಿ ನನಗೆ ಹಗುರವಾಗಿಬಿಡುತ್ತದೆ. ಹಗುರವಾಗುವುದು ನನಗೆ ಬೇಡ. ಆಕೆಯ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಆ ಕೈಗೆ ಜೀವಗಳು ಹತ್ತುತ್ತಿದ್ದವು, ನಾನು ಕಣ್ಣಾರೆ ಕಂಡಿದ್ದೇನೆ — ಇಷ್ಟು ಆಕೆಗೆ ತಿಳಿಯಬೇಕು. ಉಳಿದದ್ದು ಆಕೆಗೆ ಬಿಟ್ಟದ್ದು.

ನಾಳೆ ಶುಕ್ರವಾರ, ಮಲ್ಲಿಕಾರ್ಜುನ ಬಿಡುವಾಗಿರುತ್ತಾನೆ. ಅವನು ಫೋನು ಎತ್ತಿದರೆ ಊರಿನಲ್ಲಿರುವ ಹೆಂಡತಿಯ ನಂಬರು ಕೇಳುತ್ತೇನೆ. ನಾನು ಮಾತನಾಡಬೇಕಾದದ್ದು ಅವನೊಡನೆಯಲ್ಲ. ನಾನು ಮಾತನಾಡಬೇಕಾದದ್ದು ಆಕೆಯೊಡನೆ, ಸುಮಂಗಲಾಳೊಡನೆ.