ಲಾಗ್ ಕಲೆಕ್ಟರ್ ವನಿತಾ

ನಾನು ಕಲೆಕ್ಟರ್ ಆದದ್ದು ನಮ್ಮವ್ವನ ಬಾಯಲ್ಲಿ. ಸರ್ಕಾರಕ್ಕೆ ಈ ವಿಷಯ ಇನ್ನೂ ಗೊತ್ತಿಲ್ಲ.

ನಮ್ಮ ಊರು ನಲ್ಲಂಪಳ್ಳಿಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ಕನ್ನಡ, ಬಸ್ಸು ಹತ್ತಿದ ಮೇಲೆ ತಮಿಳು, ಕಂಪ್ಯೂಟರ್ ಮುಂದೆ ಕೂತ ಮೇಲೆ ಇಂಗ್ಲಿಷು. ಮೂರರಲ್ಲೂ ಧಾರಾಳವಾಗಿ ತಪ್ಪು ಮಾಡುತ್ತೇನೆ. ದಿನಾ ತೊಪ್ಪೂರು ಘಾಟಿ ದಾಟಿ ಸೇಲಂಗೆ ಹೋಗುತ್ತೇನೆ. ಅಲ್ಲಿ ಐದು ರೋಡಿನ ಹತ್ತಿರ ಒಂದು ಪಾತ್ರೆ ಅಂಗಡಿ, ಅದರ ಮೇಲಿನ ಮಾಳಿಗೆಯಲ್ಲಿ ಶಿವರಾಮನ್ ಸಾರ್ ಅವರ ಸಾಫ್ಟ್‌ವೇರ್ ಕಂಪನಿ. ಕೆಳಗೆ ಯಾರಾದರೂ ಕೊಡ ಬಡಿದು ನೋಡಿದರೆ ಮೇಲೆ ನಮ್ಮ ಮೀಟಿಂಗ್ ನಿಲ್ಲುತ್ತದೆ.

ನಮಗೆ ಅನ್ನ ಹಾಕುವುದು ಸಬ್ಬಕ್ಕಿ ಮಿಲ್ಲುಗಳು. ಈ ಕಡೆಯ ರೈತರು ಮರಗೆಣಸನ್ನು ಕಿತ್ತು, ಟ್ರಾಕ್ಟರಿಗೆ ತುಂಬಿ ಮಿಲ್ಲಿಗೆ ತರುತ್ತಾರೆ. ಗೇಟಿನಲ್ಲಿ ಟ್ರಾಕ್ಟರನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ ತೂಕ ನೋಡುತ್ತಾರೆ. ಸಬ್ಬಕ್ಕಿ ಆಗುವುದು ಗೆಣಸಿನ ಹಿಟ್ಟಿನಿಂದ, ಅದು ಎಷ್ಟಿದೆ ಎಂದು ಅಳೆದು ‘ಪಾಯಿಂಟ್’ ಹಾಕುತ್ತಾರೆ. ಎರಡೂ ಸೇರಿ ಒಂದು ಚೀಟಿ ಬರುತ್ತದೆ. ಆ ಚೀಟಿ ಬರುವಂತೆ ಮಾಡುವುದು ನಮ್ಮ ಪ್ರೋಗ್ರಾಂ.

ಪ್ರೋಗ್ರಾಂ ಎಂದರೆ ಒಂದೇ ಅಲ್ಲ. ತೂಕ ಓದುವುದು ಒಂದು, ಪಾಯಿಂಟ್ ಲೆಕ್ಕ ಹಾಕುವುದು ಇನ್ನೊಂದು, ಚೀಟಿ ಅಚ್ಚು ಹಾಕುವುದು ಮತ್ತೊಂದು. ಪ್ರತಿಯೊಂದನ್ನೂ ಅದಕ್ಕೆ ಬೇಕಾದ ಸಾಮಾನಿನ ಸಮೇತ ಮುಚ್ಚಿದ ಡಬ್ಬಿಯಂಥದ್ದರೊಳಗೆ ಇಟ್ಟು ಮಿಲ್ಲಿನ ಕಂಪ್ಯೂಟರಿನಲ್ಲಿ ಓಡಿಸುತ್ತೇವೆ. ಆ ಡಬ್ಬಿಗೆ ಕಂಟೇನರ್ ಎಂದು ಹೆಸರು. ಒಳಗಿನ ಪ್ರೋಗ್ರಾಂ ತಾನು ಏನು ಮಾಡಿದೆ, ಎಲ್ಲಿ ಎಡವಿದೆ ಎಂದು ಸಾಲುಸಾಲಾಗಿ ಬರೆಯುತ್ತಾ ಹೋಗುತ್ತದೆ. ಅದು ಲಾಗ್. ಕಂಟೇನರ್ ಕೆಟ್ಟರೆ ಸಿಸ್ಟಂ ಅದನ್ನು ಎಸೆದು ಹೊಸದನ್ನು ಎಬ್ಬಿಸಿ ನಿಲ್ಲಿಸುತ್ತದೆ. ಎಸೆದದ್ದರ ಜೊತೆ ಅದರ ಲಾಗೂ ಹೋಗುತ್ತದೆ.

ಕಾರಿಮಂಗಲಂ ಹತ್ತಿರದ ಒಂದು ಮಿಲ್ಲಿನಲ್ಲಿ ಚೀಟಿ ಆಗಾಗ ನಿಂತುಹೋಗುತ್ತಿತ್ತು. ವೇಬ್ರಿಡ್ಜ್ ರೂಮಿನ ಮಣಿ ನಮಗೆ ಫೋನ್ ಮಾಡುತ್ತಿದ್ದ. ನಾವು ಸೇಲಂನಿಂದ ಇಣುಕಿ ನೋಡುವಷ್ಟರಲ್ಲಿ ಹೊಸ ಕಂಟೇನರ್ ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡವರ ಹಾಗೆ ಕೂತಿರುತ್ತಿತ್ತು. ಏನಾಯಿತು ಎಂದು ಕೇಳಲು ಸತ್ತದ್ದು ಅಲ್ಲಿ ಇರುತ್ತಿರಲಿಲ್ಲ.

ಕೊನೆಗೆ ಶಿವರಾಮನ್ ಸಾರ್ ಎಲ್ಲರನ್ನೂ ಕರೆದು, ಎಲ್ಲಾ ಮಿಲ್ಲಿನ ಎಲ್ಲಾ ಕಂಟೇನರುಗಳ ಲಾಗೂ ನಮ್ಮ ಆಫೀಸಿನ ಒಂದೇ ಕಂಪ್ಯೂಟರಿಗೆ ಬಂದು ಸೇರಬೇಕು, ಯಾರು ಮಾಡುತ್ತೀರಿ ಎಂದು ಕೇಳಿದರು. ನಾನು ಕೈ ಎತ್ತಿದೆ. ಅದರ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಪಕ್ಕದಲ್ಲಿದ್ದ ಅರವಿಂದ್ ಎತ್ತುವ ಮುಂಚೆ ಎತ್ತಬೇಕು ಅನ್ನಿಸಿತು, ಅಷ್ಟೇ.

ಅರವಿಂದ್ ಓಮಲೂರಿನವನು, ಅವನ ಮನೆಮಾತೂ ಕನ್ನಡ. ಕೆಲಸ ಮಾಡಿ ಮುಗಿಸಿ ಆಮೇಲೆ ಮಾತಾಡುವ ಜಾತಿ. ನಾನು ಮೊದಲೇ ಮಾತಾಡಿ ಮುಗಿಸುತ್ತೇನೆ.

ಓದಿದೆ, ಕೇಳಿದೆ, ಅಲ್ಲಿ ಇಲ್ಲಿ ನೋಡಿ ಬರೆದೆ. ಪ್ರತಿ ಮಿಲ್ಲಿನ ಕಂಪ್ಯೂಟರಿನಲ್ಲಿ ಒಂದು ಸಣ್ಣ ಪ್ರೋಗ್ರಾಂ ಕೂತಿರುತ್ತದೆ. ಅಲ್ಲಿರುವ ಎಲ್ಲಾ ಲಾಗುಗಳನ್ನೂ ಓದಿ ನಮಗೆ ಕಳಿಸುತ್ತದೆ. ಅದರ ಹೆಸರು ಲಾಗ್ ಕಲೆಕ್ಟರ್. ಅದೂ ಒಂದು ಕಂಟೇನರಿನೊಳಗೇ ಇರುತ್ತದೆ. ಇದನ್ನೆಲ್ಲ ವಿವರಿಸಲು ಬಣ್ಣದ ಚಿತ್ರ ಬರೆದು ಗೋಡೆಯ ಮೇಲೆ ತೋರಿಸಿದೆ. ಬಾಣದ ಗುರುತುಗಳು ಬಹಳ ಚೆನ್ನಾಗಿದ್ದವು. ಎಲ್ಲರೂ ತಲೆ ಆಡಿಸಿದರು. ಅರವಿಂದ್ ಮಾತ್ರ ಒಂದು ಬಾಣವನ್ನೇ ನೋಡುತ್ತಾ ಕೇಳಿದ, “ಈ ಕಲೆಕ್ಟರ್ ತನ್ ಲಾಗೂ ಎತ್ಕಂತದಾ?”

“ಎಲ್ಲಾ ಅಂದ್ರೆ ಎಲ್ಲಾ,” ಎಂದೆ.

“ಅದನ್ನ ಬಿಟ್ಬುಡು ವನಿತಾ. ಸುಮ್ನೆ ತೊಂದ್ರೆ.”

“ಒಂದ್ನೂ ಬಿಡಬಾರ್ದು ಅಂತ ತಾನೆ ಸಾರ್ ಕೇಳಿರೋದು,” ಎಂದು ನಾನು ಸಾರ್ ಕಡೆ ನೋಡಿದೆ. ಸಾರ್ ಮತ್ತೆ ತಲೆ ಆಡಿಸಿದರು. ಅಷ್ಟೇ ಅಲ್ಲ, ಕಲೆಕ್ಟರ್ ತಾನು ಮಾಡುವ ಪ್ರತಿ ಸಣ್ಣ ಕೆಲಸವನ್ನೂ ಬರೆದಿಡುವಂತೆ ಸೆಟ್ಟಿಂಗ್ ಏರಿಸಿದೆ. ಪರದೆ ತುಂಬಾ ಸಾಲುಗಳು ಸರಸರ ಹರಿಯುತ್ತಿದ್ದರೆ ನೋಡುವವರಿಗೆ ಕೆಲಸ ದೊಡ್ಡದಾಗಿ ಕಾಣುತ್ತದೆ. ಶನಿವಾರ ಮಧ್ಯಾಹ್ನ ಎಲ್ಲಾ ಮಿಲ್ಲುಗಳಲ್ಲೂ ಅದನ್ನು ಓಡಿಸಿ, ಹೊಸ ದುಪ್ಪಟ್ಟಾ ಕೊಂಡುಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದು ಅವ್ವನಿಗೆ ಹೇಳಿದೆ, “ಅವ್ವಾ, ಇನ್ಮೇಲೆ ಲಾಗ್ ಕಲೆಕ್ಟರ್ ನಾನೇ ನೋಡ್ಕಬೇಕು.” ಅವ್ವ ಆಡಿಗೆ ಸೊಪ್ಪು ಹಾಕುತ್ತಿದ್ದಳು. ಮೊದಲ ಪದ ಅವಳ ಕಿವಿಗೆ ಬೀಳಲಿಲ್ಲ, ಎರಡನೆಯದು ಮಾತ್ರ ಬಿತ್ತು.

ಭಾನುವಾರ ಬೆಳಗ್ಗೆ ಪಕ್ಕದ ಮನೆ ಮಾರಕ್ಕ ಬಂದು ಜಗುಲಿ ಮೇಲೆ ಕೂತಳು. “ಕಲೆಕ್ಟರ್ ಆಪೀಸ್ನಾಗೆ ದೊಡ್ಡ ಕೆಲ್ಸ ಸಿಕ್ಕೈತಂತೆ. ನಿಮ್ಮವ್ವ ಏಳಿದ್ಲು. ನಮ್ಮೂರ್ ಸ್ಟಾಪಿಂಗ್ ತಾವ ಬಸ್ ನಿಲ್ಸಕೇಳವ್ವ. ಓದ ವಾರ ನಾನು ಕೈ ಅಡ್ಡ ಆಕ್ದೆ, ಡ್ರೈವರ್ ಮಕ ಆ ಕಡೆ ತಿರುಗ್ಸ್ಕಂಡು ಓದ.”

ಆಗಲೇ ತಿದ್ದಬಹುದಿತ್ತು. “ನೋಡ್ತೀನಿ ಮಾರಕ್ಕ,” ಎಂದೆ. ನನ್ನ ದನಿಯಲ್ಲಿ ಅಧಿಕಾರ ಬಂದುಬಿಟ್ಟಿದ್ದು ನನಗೇ ಕೇಳಿಸಿತು.

ಸೋಮವಾರ ಬೆಳಗ್ಗೆ ನಲ್ಲಂಪಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದಾಗ ಶಿವರಾಮನ್ ಸಾರ್ ಫೋನ್ ಬಂತು. “ಎನ್ನಮ್ಮಾ ಆಚ್ಚು,” ಎಂದರು. ಏನಾಯಿತಮ್ಮಾ ಎಂದು ಇಷ್ಟು ಮೆಲ್ಲಗೆ ಅವರು ಯಾವತ್ತೂ ಕೇಳಿದವರಲ್ಲ. ಯಾವ ಮಿಲ್ಲಿನಲ್ಲೂ ಚೀಟಿ ಬರುತ್ತಿಲ್ಲವಂತೆ. ಮೊದಲು ಒಂದು ಮಿಲ್ಲಷ್ಟೇ ನಿಲ್ಲುತ್ತಿತ್ತು. ಆ ಲೆಕ್ಕದಲ್ಲಿ ನನ್ನ ಕೆಲಸ ಎಲ್ಲಾ ಕಡೆ ಮುಟ್ಟಿತ್ತು.

ಅದರ ಹಿಂದೆಯೇ ಅರವಿಂದ್ ಫೋನ್ ಮಾಡಿದ. “ನಿನ್ ಕಲೆಕ್ಟರ್ ತನ್ ಲಾಗ್ ತಾನೇ ಓದ್ಕಂಡು ಕೂತೈತೆ.”

ನಡೆದದ್ದು ಇಷ್ಟು. ಕಲೆಕ್ಟರ್ ಒಂದು ಸಾಲು ಓದಿ ಕಳಿಸಿತು. ಕಳಿಸಿದ ಮೇಲೆ ‘ಒಂದು ಸಾಲು ಕಳಿಸಿದೆ’ ಎಂದು ತನ್ನ ಲಾಗಿನಲ್ಲಿ ಬರೆದುಕೊಂಡಿತು. ಅದೂ ಒಂದು ಸಾಲು ತಾನೆ, ಅದನ್ನೂ ಓದಿ ಕಳಿಸಿತು. ಕಳಿಸಿದೆ ಎಂದು ಮತ್ತೆ ಬರೆಯಿತು. ಶನಿವಾರ ಮಧ್ಯಾಹ್ನದಿಂದ ಬಿಡುವಿಲ್ಲದೆ ಇದನ್ನೇ ಮಾಡಿ, ತನ್ನ ಕೆಲಸವನ್ನು ತಾನೇ ವರದಿ ಮಾಡಿ, ಆ ವರದಿಯ ವರದಿಯನ್ನೂ ಮಾಡಿ, ಮಿಲ್ಲಿನ ಕಂಪ್ಯೂಟರುಗಳ ಡಿಸ್ಕ್ ಪೂರ್ತಿ ತುಂಬಿಸಿಬಿಟ್ಟಿತ್ತು. ಗೆಣಸಿನ ಚೀಟಿಯನ್ನು ಬರೆದಿಡಲು ಜಾಗವೇ ಇರಲಿಲ್ಲ.

“ಮಿಕ್ಕಿದ್ದೆಲ್ಲ ಇಲ್ಲಿಂದ್ಲೇ ಕ್ಲೀನ್ ಮಾಡ್ತೀನಿ,” ಎಂದ ಅರವಿಂದ್. “ಕಾರಿಮಂಗಲಂದು ಮಾತ್ರ ಒಳಗೇ ಬಿಡ್ತಿಲ್ಲ. ನೀನು ಆ ಕಡೆನೇ ಇದ್ದೀಯಲ್ಲ, ನೇರ ಓಗ್ಬುಡು.” ನಾನು ಆಗಲೇ ಹೇಳಿದ್ದೆ ಎಂದು ಅವನು ಅನ್ನಲಿಲ್ಲ. ಅಂದಿದ್ದರೆ ಜಗಳವಾಡಬಹುದಿತ್ತು.

ಧರ್ಮಪುರಿಯಲ್ಲಿ ಬಸ್ಸು ಬದಲಾಯಿಸಿ ಕಾರಿಮಂಗಲಂ ಸೇರಿದೆ. ಶೇರ್ ಆಟೋ ಮಿಲ್ಲಿನ ತಿರುವಿಗೆ ಬರುತ್ತಲೇ ಟ್ರಾಕ್ಟರುಗಳು ಕಂಡವು. ಗೇಟಿನಿಂದ ಶುರುವಾದ ಸಾಲು ರಸ್ತೆಯನ್ನೂ ತಿರುಗಿ, ಟೀ ಅಂಗಡಿಯನ್ನು ದಾಟಿ ನಿಂತಿತ್ತು. ಕಿತ್ತ ಗೆಣಸು ಬಿಸಿಲಿಗೆ ಬಾಡಿದರೆ ಪಾಯಿಂಟ್ ಇಳಿಯುತ್ತದೆ. ಟ್ರಾಕ್ಟರಿನವರು ಟಾರ್ಪಾಲ್ ಎಳೆದು ಹೊದಿಸಿ, ಅದರ ನೆರಳಿನಲ್ಲೇ ಕೂತು ಯಾರನ್ನೋ ಬೈಯುತ್ತಿದ್ದರು. ಆ ಯಾರೋ ನಾನು ಎಂದು ಅವರಿಗೆ ಗೊತ್ತಿರಲಿಲ್ಲ.

ಆಟೋ ಇಳಿದೆ, ಆಗ ಫೋನ್ ಬಂತು. ನಮ್ಮಪ್ಪನ ತಮ್ಮ, ಎಲ್ಲಪ್ಪ ಚಿಕ್ಕಪ್ಪ.

“ಮಗಾ, ಗೆಣಸು ಆಕ್ಕಂಡು ಬಂದ್ರೆ ಇಲ್ಲಿ ನಿಮ್ ಸೇಲಂನೋರ ಕಂಪ್ಯೂಟರ್ ಸತ್ತೋಗೈತೆ. ಯಾವ ಮಡೆಯ ಇದನ್ನ ಮಾಡವ್ನೋ. ನೀನು ಆ ಲೈನ್ನಾಗೇ ಇದ್ದೀಯ, ಕಂಡ್ರೆ ಕೇಳು, ತಲೆ ಒಳಗೆ ಏನ್ ಮಡಿಕ್ಕಂಡಿದೀಯ ಅಂತ.”

“ಕೇಳ್ತೀನಿ ಚಿಕ್ಕಪ್ಪ,” ಎಂದೆ. ಮಡೆಯ ಎಂದರೆ ತಮಿಳಿನಲ್ಲಿ ಪೆದ್ದ. ಮೂರು ಟ್ರಾಕ್ಟರು ಮುಂದೆ ಅವನ ಬೆನ್ನು ಕಾಣುತ್ತಿತ್ತು. ಹೊಸ ದುಪ್ಪಟ್ಟಾವನ್ನು ತಲೆಗೆ ಸುತ್ತಿಕೊಂಡು, ಸಾಲಿನ ಆಚೆ ಮಗ್ಗುಲಿನಿಂದ ಬಗ್ಗಿ ನಡೆದು ಗೇಟಿನೊಳಗೆ ನುಗ್ಗಿದೆ.

ವೇಬ್ರಿಡ್ಜ್ ರೂಮಿನಲ್ಲಿ ಮಣಿ ಎದ್ದು ಕುರ್ಚಿ ಬಿಟ್ಟುಕೊಟ್ಟ. ಕೀಬೋರ್ಡಿನ ಸಂದುಗಳಲ್ಲೆಲ್ಲ ಬಿಳಿ ಹಿಟ್ಟು. ಕಂಪ್ಯೂಟರ್ ಒಂದೊಂದು ಅಕ್ಷರಕ್ಕೂ ಯೋಚನೆ ಮಾಡುತ್ತಿತ್ತು. ಹೇಗೋ ಕಲೆಕ್ಟರನ್ನು ನಿಲ್ಲಿಸಿ, ಅದು ಬರೆದುಕೊಂಡಿದ್ದ ಪುರಾಣವನ್ನು ಅಳಿಸಿದೆ. ಅಳಿಸುವ ಮುಂಚೆ ಒಂದೆರಡು ಪುಟ ನೋಡಿದೆ. ಕಳಿಸಿದೆ, ಕಳಿಸಿದೆ, ಕಳಿಸಿದೆ. ನಾನು ತಿಂಗಳ ಕೊನೆಯಲ್ಲಿ ಸಾರ್‌ಗೆ ಕೊಡುವ ರಿಪೋರ್ಟಿಗೂ ಇದಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ. ಪ್ರಿಂಟರ್ ಒಮ್ಮೆ ಕೆಮ್ಮಿ ಚೀಟಿ ಉಗುಳಿತು.

ಮಣಿ ಕಿಟಕಿಯಿಂದ ತಲೆ ಹಾಕಿ ಲೈನ್ ಸರಿಯಾಯಿತೆಂದು ಕೂಗಿದ. ಟ್ರಾಕ್ಟರುಗಳು ಒಂದೊಂದಾಗಿ ಹತ್ತಿ ಇಳಿದವು. ಸ್ವಲ್ಪ ಹೊತ್ತಿಗೆ ಚೀಟಿ ತೆಗೆದುಕೊಳ್ಳಲು ಕಿಟಕಿಗೆ ಬಂದ ಮುಖ ಚಿಕ್ಕಪ್ಪನದು. ದುಪ್ಪಟ್ಟಾ ಕೆಳಗೆ ಜಾರಿತ್ತು.

“ನೀನೇನು ಇಲ್ಲಿ?”

ಸುಳ್ಳು ಹೇಳಲು ಸಿದ್ಧವಾಗಿಯೇ ಇದ್ದೆ. ಅಷ್ಟರಲ್ಲಿ ಅವನ ಕೈ ನೋಡಿದೆ, ಬೆಳಗ್ಗೆಯಿಂದ ಬಿಸಿಲಲ್ಲಿ ಟಾರ್ಪಾಲ್ ಎಳೆದೆಳೆದು ಕೆಂಪಗಾಗಿತ್ತು. “ಚಿಕ್ಕಪ್ಪ, ನೀನು ಕೇಳು ಅಂದ್ಯಲ್ಲ, ಆ ಮಡೆಯ ನಾನೇ. ನಾನು ಆಕಿದ್ ಪ್ರೋಗ್ರಾಂನಿಂದ್ಲೇ ನಿಂತಿದ್ದು,” ಎಂದೆ.

ಅವನು ಕಿಟಕಿಯೊಳಗೆ ಇನ್ನಷ್ಟು ಬಗ್ಗಿದ. “ಈ ಮಿಲ್ ಒಂದೇನಾ?”

“ಎಲ್ಲಾ ಮಿಲ್ಲೂ.”

“ಆತ್ತೂರ್ ಕಡೇವೂ?”

“ಅವೂ.”

“ನೀನೊಬ್ಳೇನಾ?”

“ಒಬ್ಳೇ,” ಎಂದೆ. ಅರವಿಂದನ ಮಾತು ನೆನಪಾಗಿ ತಲೆ ತಗ್ಗಿಸಿದೆ.

ಚಿಕ್ಕಪ್ಪ ಹಿಂದೆ ತಿರುಗಿ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ತಮಿಳಿನಲ್ಲಿ ಹೇಳಿದ, “ಎಂಗ ಅಣ್ಣನ್ ಮಗ. ರೆಂಡು ಜಿಲ್ಲಾ ಮಿಲ್ಲೂ ಇವ ಒರುತ್ತಿಯೇ ನಿರುತ್ತಿಟ್ಟಾ.” ನಮ್ಮಣ್ಣನ ಮಗಳು, ಎರಡು ಜಿಲ್ಲೆಯ ಮಿಲ್ಲನ್ನೂ ಇವಳೊಬ್ಬಳೇ ನಿಲ್ಲಿಸಿದ್ದಾಳೆ ಎಂದು. ಬೈಗುಳ ಬೀಳುತ್ತದೆಂದು ನಾನು ಕುರ್ಚಿ ಗಟ್ಟಿಯಾಗಿ ಹಿಡಿದುಕೊಂಡೆ. ಯಾರೂ ಬೈಯಲಿಲ್ಲ. ಬಗ್ಗಿ ಬಗ್ಗಿ ನೋಡಿದರು. ಯಾರೋ ಒಬ್ಬರು, ಇಷ್ಟು ಅಧಿಕಾರ ಇರುವ ಈಕೆ ಯಾರು ಎಂದು ಕೇಳಿದ್ದಕ್ಕೆ ಚಿಕ್ಕಪ್ಪ, “ಕಲೆಕ್ಟರ್,” ಎಂದ. ನನಗೆ ಟೀ ಬಂತು, ಜೊತೆಗೆ ವಡೆಯೂ ಬಂತು. ಹಸಿವಾಗಿತ್ತು, ತಿಂದೆ.

ಮಾರನೆಯ ದಿನ ಆಫೀಸಿನಲ್ಲಿ ಒಂದೇ ಒಂದು ಸಾಲು ಸೇರಿಸಿದೆ: ನಿನ್ನ ಲಾಗನ್ನು ನೀನು ಓದಬೇಡ. ಅರವಿಂದ್ ಪಕ್ಕದಲ್ಲಿ ನಿಂತು ನೋಡಿ, “ಸರಿ,” ಎಂದಷ್ಟೇ ಹೇಳಿ ಹೋದ. ಆಮೇಲೆ ಕಲೆಕ್ಟರ್ ಗಲಾಟೆಯಿಲ್ಲದೆ ತನ್ನ ಕೆಲಸ ಮಾಡತೊಡಗಿತು.

ಸ್ವಲ್ಪ ದಿನದ ಮೇಲೆ ಕಾರಿಮಂಗಲಂನಲ್ಲಿ ಹಳೆಯ ತೊಂದರೆಯೇ ಮತ್ತೆ ಬಂತು, ಚೀಟಿ ನಿಂತಿತು. ಮಣಿಯ ಫೋನ್ ಬರುವಾಗ ಕಂಟೇನರ್ ಆಗಲೇ ಸತ್ತು ಹೊಸದು ಎದ್ದಿತ್ತು. ಆದರೆ ಈ ಸಲ ಸತ್ತದ್ದರ ಲಾಗ್ ನಮ್ಮ ಬಳಿ ಇತ್ತು. ಶಿವರಾಮನ್ ಸಾರ್ ಎಲ್ಲರನ್ನೂ ಪರದೆಯ ಮುಂದೆ ನಿಲ್ಲಿಸಿಕೊಂಡರು. ನಾನು ಎಲ್ಲರಿಗಿಂತ ಮುಂದೆ ನಿಂತೆ.

ಕೊನೆಯ ಸಾಲು ಸ್ಪಷ್ಟವಾಗಿತ್ತು: ತೂಕ ಖಾಲಿ ಬಂದಿದೆ. ಮಣಿಗೆ ಫೋನ್ ಮಾಡಿ ಕೇಳಿದ ಮೇಲೆ ಮಿಕ್ಕಿದ್ದೂ ತಿಳಿಯಿತು. ಮಿಲ್ಲಿನ ದೊಡ್ಡ ಮೋಟರ್ ಶುರುವಾದಾಗ ಕರೆಂಟ್ ಒಂದು ಕ್ಷಣ ಇಳಿಯುತ್ತದೆ. ಆಗ ತೂಕದ ಯಂತ್ರ ಸಂಖ್ಯೆಯ ಬದಲು ಖಾಲಿ ಕಳಿಸುತ್ತದೆ. ಖಾಲಿ ಬಂದರೆ ಏನು ಮಾಡಬೇಕೆಂದು ಪ್ರೋಗ್ರಾಂ ಬರೆದವರು ಯೋಚಿಸಿಯೇ ಇರಲಿಲ್ಲ. ಪ್ರೋಗ್ರಾಂ ಗಾಬರಿಯಾಗಿ ಸಾಯುತ್ತದೆ.

“ಯಾರು ಎಳುದುನದು ಇದು,” ಎಂದು ಸಾರ್ ಬರೆದವರ ಹೆಸರು ಕೇಳಿದರು. ಅರವಿಂದ್ ಫ್ಯಾನ್ ನೋಡುತ್ತಿದ್ದ. ಸಾರೇ ಮೌಸ್ ಹಿಡಿದು ಆ ಪ್ರೋಗ್ರಾಮಿನ ನೆತ್ತಿಗೆ ಹೋದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಮ್ಮಸ್ಸಿನಿಂದ ಬರೆದುಕೊಂಡಿದ್ದೆ: ವನಿತಾ, ಬಿ.ಇ.

ಸಾರ್ ಅದನ್ನು ಓದಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. “ಲಾಗ್ ನಲ್ಲಾ ವೇಲೆ ಸೆಯ್ಯುದಮ್ಮಾ,” ಎಂದರು. ಲಾಗ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು. ಆ ಕಂಪನಿಯಲ್ಲಿ ನನಗೆ ಸಿಕ್ಕ ದೊಡ್ಡ ಹೊಗಳಿಕೆ ಅದೇ, ನಾನು ಅದನ್ನು ಪೂರ್ತಿಯಾಗಿ ಇಟ್ಟುಕೊಂಡಿದ್ದೇನೆ. ಮಧ್ಯಾಹ್ನದೊಳಗೆ ಪ್ರೋಗ್ರಾಂ ತಿದ್ದಿದೆ. ಖಾಲಿ ಬಂದರೆ ಸಾಯದೆ, ಮತ್ತೊಮ್ಮೆ ತೂಕ ಕೇಳುತ್ತದೆ.

ಈಗ ಮಣಿ ಫೋನ್ ಮಾಡುವುದಿಲ್ಲ. ಚಿಕ್ಕಪ್ಪ ಮಾಡುತ್ತಾನೆ. ಪ್ರತಿ ಲೋಡಿನ ಚೀಟಿ ಕೈಗೆ ಬಂದ ಕೂಡಲೇ, ಟ್ರಾಕ್ಟರ್ ಇನ್ನೂ ಗುಡುಗುಡು ಅನ್ನುತ್ತಿರುವಾಗಲೇ.

“ಮಗಾ, ಪಾಯಿಂಟ್ ಕಮ್ಮಿ ಬಿದ್ದೈತೆ. ರವಷ್ಟು ಏರ್ಸಕಾಯ್ತದಾ ನೋಡು.”

“ಅದು ನನ್ ಕೈಲಿಲ್ಲ ಚಿಕ್ಕಪ್ಪ. ಗೆಣಸಿನೊಳಗೆ ಹಿಟ್ಟು ಇರ್ಬೇಕು.”

ಅವನು ಪೂರ್ತಿ ಕೇಳಿಸಿಕೊಳ್ಳುತ್ತಾನೆ, ಅರ್ಥವಾಯಿತು ಎನ್ನುವಂತೆ ಹೂಂ ಎನ್ನುತ್ತಾನೆ. “ಸರಿ, ಮುಂದಿನ್ ಲೋಡ್ಗೆ ನೋಡ್ಕಂಡು ಆಕು,” ಎಂದು ಫೋನ್ ಇಡುತ್ತಾನೆ.