ಗಂಗಾಂಬಿಕಾ ಕಟ್ಟಿದ ಹುಳ ನೀರಿಗಿಳಿದ ದಿನ

ಮಧುಗಿರಿ ಬೆಟ್ಟದ ನೆತ್ತಿಗೆ ಬಿಸಿಲು ಮುಟ್ಟಿದೆ, ಬೀದಿಗೆ ಇನ್ನೂ ಇಳಿದಿಲ್ಲ. ಗಂಗಾಂಬಿಕಾ ಅವರ ಸ್ನಾನ, ಲಿಂಗಪೂಜೆ ಎರಡೂ ಮುಗಿದಿವೆ. ಹಣೆಯ ವಿಭೂತಿ ಒಣಗುವ ಮುನ್ನವೇ ಜಗಲಿಯಲ್ಲಿ ಕೂತು, ಹುಂಜದ ಕುತ್ತಿಗೆಯ ಒಂದು ಪುಕ್ಕವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಾರೆ. ಮುಂದೊಂದು ಹಲಗೆ, ಹಲಗೆಯ ಅಂಚಿಗೆ ಬಿಗಿದ ಪುಟ್ಟ ಇಕ್ಕಳ, ಇಕ್ಕಳದ ಬಾಯಲ್ಲಿ ಅಕ್ಕಿ ಕಾಳಿಗಿಂತ ತುಸು ದೊಡ್ಡದಾದ ಗಾಳದ ಕೊಕ್ಕೆ. ಅದಕ್ಕೆ ದಾರ ಸುತ್ತಿ, ಪುಕ್ಕ ಸುತ್ತಿ, ಕೊನೆಗೊಂದು ಗಂಟು ಹಾಕಿ ಇಕ್ಕಳದಿಂದ ಬಿಡಿಸುವಷ್ಟರಲ್ಲಿ ನಾಲ್ಕು ನಿಮಿಷ. ಹೊರಗೆ ಬರುವುದು ಥೇಟ್ ಹುಳವೇ, ಊದಿದರೆ ಎದ್ದು ಹಾರಿಹೋದೀತು ಎನಿಸುತ್ತದೆ.

ಇದು ಮೀನಿಗೆ ತೋರಿಸುವ ಸುಳ್ಳು ಹುಳ. ಎರೆಹುಳ ಚುಚ್ಚುವ ಬದಲು ಇಂಥದ್ದನ್ನು ನೀರಿಗೆ ಎಸೆದು ಮೀನು ಹಿಡಿಯುವ ಹವ್ಯಾಸ ಹೊರದೇಶಗಳಲ್ಲಿ ದೊಡ್ಡದು. ಅಲ್ಲಿ ಇದಕ್ಕೆ ಫ್ಲೈ ಎಂದು ಹೆಸರು. ಮಧುಗಿರಿಯ ಬಾಡಿಗೆ ಮನೆಯೊಂದರಲ್ಲಿರುವ ಘಟಕಕ್ಕೆ ಹನ್ನೊಂದು ಹೆಂಗಸರು ಇದನ್ನು ಕಟ್ಟಿಕೊಡುತ್ತಾರೆ. ಅವರಲ್ಲಿ ಎಲ್ಲರಿಗಿಂತ ಹಳಬರು ಐವತ್ತೆಂಟರ ಗಂಗಾಂಬಿಕಾ. ಇಪ್ಪತ್ತನಾಲ್ಕು ವರ್ಷಗಳಿಂದ ದಿನಕ್ಕೆ ಎಂಟು ಡಜನ್ ಲೆಕ್ಕ ಹಿಡಿದರೆ ಆರು ಲಕ್ಷ ದಾಟಿರಬೇಕು. ಅಷ್ಟರಲ್ಲಿ ಒಂದನ್ನಾದರೂ ಮೀನು ಬಾಯಿಗೆ ಹಾಕಿಕೊಂಡದ್ದನ್ನು ಅವರು ಕಂಡಿಲ್ಲ. ಈ ಶನಿವಾರ ಕೆರೆಗೆ ಬನ್ನಿ, ನಿಮ್ಮ ಕಣ್ಣಾರೆ ನೋಡುವಿರಂತೆ ಎಂದು ಘಟಕದ ಮೇಲ್ವಿಚಾರಕ ಅರುಣ್ ಕುಮಾರ್ ಕರೆದಿದ್ದಾರೆ. ಹೋಗಬೇಕೋ ಬೇಡವೋ ಎಂಬುದೇ ವಾರದಿಂದ ಅವರ ತಲೆ ತಿನ್ನುತ್ತಿದೆ.

"ಮೀನು, ಮಾಂಸ ಮುಟ್ಟದ ಮನೆ ನಮ್ದು. ಕೈಯಾಗೆ ಕೊಕ್ಕೆ ಹಿಡ್ಕೊಂಡು, ಕಣ್ಣು ಮುಚ್ಕೊಂಡು ಇಷ್ಟು ದಿನ ಬದುಕ್ಬುಟ್ಟೆ. ಈಗ ಹೋಗಿ ಅದರ ಬಾಯಾಗೆ ರಕ್ತ ಬರೋದು ನೋಡ್ಬುಟ್ರೆ, ಸೋಮವಾರ ಮತ್ತೆ ಇಲ್ಲಿ ಕೂರೋಕಾಯ್ತದಾ ನೀವೇ ಹೇಳಿ?" ಎನ್ನುತ್ತಾರೆ.

ಇಂಥ ಮನೆಯ ಸೊಸೆ ಈ ಕೆಲಸಕ್ಕೆ ಬಂದದ್ದು ಆಸೆಯಿಂದಲ್ಲ. ಗಂಡ ನಂದೀಶ್ವರಯ್ಯ ಬಸ್ಸಿನಿಂದ ಬಿದ್ದು ಸೊಂಟ ಮುರಿದುಕೊಂಡು ಎರಡು ವರ್ಷ ಹಾಸಿಗೆ ಹಿಡಿದಾಗ, ಹತ್ತಿರದಲ್ಲಿ ಸಿಕ್ಕಿದ್ದು ಇದೊಂದೇ ದುಡಿಮೆ. ಅತ್ತೆ ಇಂದ್ರಮ್ಮ ಒಪ್ಪಿದ್ದೂ ಒಂದು ಷರತ್ತಿನ ಮೇಲೆ: ಪುಕ್ಕ ಹೊಸಿಲು ದಾಟಕೂಡದು. ಇವತ್ತಿಗೂ ದಾಟಿಲ್ಲ. ಕೆಲಸ ಜಗಲಿಯಲ್ಲೇ, ಕೈಕಾಲು ತೊಳೆದೇ ಅಡುಗೆಮನೆಗೆ ಪ್ರವೇಶ. ಆದರೆ ಎಂಬತ್ತಮೂರರ ಇಂದ್ರಮ್ಮ ಈಗ ನಡುಮನೆಯಲ್ಲಿ ಕೂತೇ, ಹೊರಗಿರುವ ಪುಕ್ಕ ಹುಂಜದ್ದೋ ಹೇಂಟೆಯದೋ ಎಂದು ಹೇಳಿಬಿಡುತ್ತಾರೆ. ಷರತ್ತು ಪುಕ್ಕಕ್ಕೇ ಹೊರತು ಕಣ್ಣಿಗಲ್ಲವಲ್ಲ!

ಸೊಸೆಗೆ ಆಗ ಅಷ್ಟೂ ಗೊತ್ತಿರಲಿಲ್ಲ. ಮೊದಲ ತಿಂಗಳು, ನೀರ ಮೇಲೆ ತೇಲಬೇಕಾದ ಹುಳಗಳಿಗೆ ಮೆತ್ತಗಿದೆ, ಚೆಂದವಿದೆ ಎಂದು ಹೇಂಟೆಯ ಪುಕ್ಕವನ್ನೇ ಸುತ್ತಿದರು. ಬಟ್ಟಲ ನೀರಿಗೆ ಬಿಟ್ಟು ಪರೀಕ್ಷಿಸಿದಾಗ ನಲವತ್ತು ಡಜನ್ ಹುಳಗಳೂ ಗುಳುಂ ಎಂದು ತಳ ಸೇರಿದವು. ಘಟಕದಲ್ಲಿ ಕೆಲಸ ಕಲಿಯುವಾಗ ಪಕ್ಕದಲ್ಲಿ ಕೂರುತ್ತಿದ್ದ ಶಿರಾ ಕಡೆಯ ಓಬಳಮ್ಮನವರಿಗೆ ಅದನ್ನು ನೆನೆದರೆ ಈಗಲೂ ನಗು ತಡೆಯುವುದಿಲ್ಲ. "ಹುಂಜಕ್ಕೂ ಯಾಟೆಗೂ ಯತ್ಯಾಸ ಗೊತ್ತಿಲ್ದಿದ್ದೋರ್ನ ನಾನು ಅವತ್ತೇ ಮೊದಲ್ನೇ ಸಲ ನೋಡಿದ್ದು ಕಣಮ್ಮ. ಮನೇಗೆ ಕರ್ಕೊಂಡೋಗಿ, ಕೋಳಿ ಹಿಡ್ಕೊಟ್ಟು ತೋರಿಸ್ದೆ. ಹುಂಜದ ಕತ್ತಿನ ಪುಕ್ಕ ಗಡುಸು, ನೀರು ಕುಡಿಯಲ್ಲ. ಯಾಟೇದು ಕುಡೀತದೆ, ಮುಳುಗ್ತದೆ. ಅಷ್ಟೇ ಇದ್ಯೆ!"

ಈಗ ಘಟಕದಲ್ಲಿ ಹೊಸಬರಿಗೆಲ್ಲ ಗಂಗಾಂಬಿಕಾ ಅವರದ್ದೇ ಪಾಠ. ಹೆಸರು ಉರುಹೊಡೆಯಬೇಡಿ, ಹುಳದ ಬಾಳು ತಿಳಿದುಕೊಳ್ಳಿ ಎನ್ನುತ್ತಾರೆ. ನೀರಡಿಯ ಕಲ್ಲಿಗೆ ಅಂಟಿಕೊಂಡ ಮರಿಹುಳವೇ ನಿಂಫ್. ಅದು ಮುಳುಗಬೇಕಾದ್ದರಿಂದ ಮೈಗೆ ತಾಮ್ರದ ತಂತಿ ಸುತ್ತಬೇಕು. ರೆಕ್ಕೆ ಮೂಡುತ್ತ ಮೇಲೇಳುವಾಗ ನೀರೊಳಗೇ ಒದ್ದಾಡುತ್ತದಲ್ಲ, ಅದು ವೆಟ್ ಫ್ಲೈ. ಹೇಂಟೆಯ ಮೆತ್ತನೆ ಪುಕ್ಕ ಒಪ್ಪುವುದು ಅದಕ್ಕೆ. ಮೇಲೆ ಬಂದು ರೆಕ್ಕೆ ಆರಿಸಿಕೊಳ್ಳುತ್ತ ಕೂತರೆ ಡ್ರೈ ಫ್ಲೈ. ಸ್ಟ್ರೀಮರ್ ಹುಳವೇ ಅಲ್ಲ, ದೊಡ್ಡ ಮೀನಿನ ಬಾಯಲ್ಲಿ ನೀರೂರಿಸುವ ಮರಿಮೀನು. ಉದ್ದ ಬಾಲ ಬೇಕು. ಇನ್ನು ದಡದಿಂದ ಕಾಲು ಜಾರಿ ಬಿದ್ದ ಮಿಡತೆ, ಇರುವೆಗಳದ್ದೇ ಬೇರೆ ಗುಂಪು. ಅಷ್ಟರಲ್ಲಿ ಹೊಸದಾಗಿ ಸೇರಿದ ಮಂಜುಳಾ ಕೊಕ್ಕೆಯ ತುದಿಯ ಉಂಗುರದ ಮೇಲೂ ದಾರ ಸುತ್ತಿಬಿಟ್ಟಿದ್ದಾಳೆ. "ಲೇ, ಅದರ ಕಣ್ಣೇ ಮುಚ್ಬುಟ್ಟಲ್ಲೇ! ಗಾಳದ ದಾರ ಎಲ್ಲಿ ಪೋಣಿಸ್ತಾರೆ?" ಎಂದು ಗದರಿ, ತಾವೇ ಬಿಚ್ಚಿಕೊಡುತ್ತಾರೆ.

ಶನಿವಾರ ಕೆರೆಗಿಳಿಯಲಿರುವುದು ಹೊರದೇಶದ ಮಾದರಿಯಲ್ಲ, ಗಂಗಾಂಬಿಕಾ ಅವರದ್ದೇ ಮಾದರಿ. ಅದರ ಮೂಲ ಇರುವುದು ಕೊರಟಗೆರೆ ಸೀಮೆಯ ಅವರ ತವರಿನ ತಲಪರಿಗೆಯಲ್ಲಿ. ಮರಳು ಕೆದಕಿದರೆ ನೀರು ಚಿಮ್ಮುತ್ತಿದ್ದ ಆ ಒರತೆಗೆ ಬೆಳಗಿನ ಹೊತ್ತು ಹುಡುಗಿಯರ ದಂಡು ಬಿಂದಿಗೆ ಹಿಡಿದು ಹೋಗುತ್ತಿತ್ತು. ನೀರ ಮೇಲೆ ಬೂದು ಮೈಯ, ಗಾಜಿನಂಥ ರೆಕ್ಕೆಯ ಹುಳಗಳು ಏಳುತ್ತಿದ್ದವು. "ಬಿಂದಿಗೆ ಮುಳುಗಿಸೋಕೆ ಮುಂಚೆ ಉಫ್ ಅಂತ ಊದಿ ಅವನ್ನ ಎಬ್ಬಿಸ್ತಿದ್ವಿ. ಸಾಯಂಕಾಲಕ್ಕೆ ಒಂದೂ ಇರ್ತಿರಲಿಲ್ಲ. ಒಂದೇ ದಿನದ ಆಯಸ್ಸು ಅಂತ ನಮ್ಮವ್ವ ಅಂತಿದ್ಲು." ತಲಪರಿಗೆ ಬತ್ತಿ, ಮುಚ್ಚಿ ಎಷ್ಟೋ ವರ್ಷವಾಯಿತು. ಅದರ ಮೇಲೀಗ ಜಾಲಿ ಬೆಳೆದಿದೆ. ಆ ಹುಳವನ್ನೂ ಅವರು ಮತ್ತೆ ಕಂಡಿಲ್ಲ. ಹೋದ ವರ್ಷ ನೆನಪಿನಿಂದಲೇ ಅದನ್ನು ಕಟ್ಟಿದರು. ರೆಕ್ಕೆಯ ಓರೆ ಸರಿಹೋಗಲು ಮೂರು ತಿಂಗಳು ಹಿಡಿಯಿತು. ಕಟ್ಟಿ ಮುಗಿಸಿದ ದಿನ ಜಗಲಿಯಲ್ಲಿ ಕೂತು ಅತ್ತದ್ದನ್ನು ಅವರು ಮುಚ್ಚಿಡುವುದಿಲ್ಲ.

ಆ ಹುಳ ಮತ್ತೆ ನೀರ ಮೇಲೆ ಕೂರುವುದನ್ನು ನೋಡದೆ ಇರಲಾಗದೆ, ಶನಿವಾರ ಬೆಳಗಿನ ಬಸ್ಸಿಗೆ ಅವರು ಹೊರಟೇಬಿಡುತ್ತಾರೆ, ಓಬಳಮ್ಮನವರ ಕೈ ಹಿಡಿದುಕೊಂಡು. ಕೆರೆ ಏರಿಯ ಕೆಳಗೆ ಅರುಣ್ ಕುಮಾರ್ ಉದ್ದನೆಯ ಕೋಲು ಬೀಸುತ್ತಾರೆ. ಹುಳ ಹೋಗಿ ನೀರ ಮೇಲೆ ಕೂರುತ್ತದೆ, ಮುಳುಗುವುದಿಲ್ಲ. ಗಂಗಾಂಬಿಕಾ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಾರೆ. ಎರಡು ಸಲ ಏನೂ ಆಗುವುದಿಲ್ಲ. ಮೂರನೆಯ ಸಲ ನೀರು ಪಳಕ್ಕನೆ ಒಡೆದು ಹುಳ ಮಾಯವಾಗುತ್ತದೆ.

"ತಗಂತು ಕಣಕ್ಕ, ನಿನ್ನುಳಾನೇ ತಗಂತು!" ಎಂದು ಓಬಳಮ್ಮ ಕೂಗುತ್ತಾರೆ. ದಡಕ್ಕೆ ಬಂದದ್ದು ಅಂಗೈಯಗಲದ ಬೆಳ್ಳಿ ಬಣ್ಣದ ಮೀನು. ಅರುಣ್ ಕುಮಾರ್ ಕೈ ಒದ್ದೆ ಮಾಡಿಕೊಂಡು ಅದನ್ನು ನೀರಲ್ಲೇ ಹಿಡಿಯುತ್ತಾರೆ. ಕೊಕ್ಕೆ ಸಲೀಸಾಗಿ ಬರುವುದಿಲ್ಲ, ತುಟಿಯ ಅಂಚು ಸ್ವಲ್ಪ ಹರಿಯುತ್ತದೆ. ಗಂಗಾಂಬಿಕಾ ಮುಖ ತಿರುಗಿಸುವುದಿಲ್ಲ. ಮೀನು ಬಾಲ ಬೀಸಿ ಆಳಕ್ಕೆ ಹೋದ ಮೇಲೂ ಅಲ್ಲೇ ನೋಡುತ್ತಿದ್ದು, ಆಮೇಲೆ ಕೇಳುತ್ತಾರೆ, "ಅದ್ಯಾಕೆ ಹರೀತು ಸಾರ್?"

ಕೊಕ್ಕೆಯ ಮೊನೆಯ ಒಳಬದಿಗೆ ಒಂದು ಕಿರುಮುಳ್ಳು ಇರುತ್ತದೆ, ಮೀನು ತಪ್ಪಿಸಿಕೊಳ್ಳದಿರಲಿ ಎಂದು. ಅದನ್ನು ಇಕ್ಕಳದಲ್ಲಿ ಅದುಮಿಬಿಟ್ಟರೆ ಕೊಕ್ಕೆ ನವಿರಾಗಿ ಬಿಡಿಸಿಕೊಳ್ಳುತ್ತದೆ. ಮೀನನ್ನು ಹಿಡಿದು ಮತ್ತೆ ನೀರಿಗೇ ಬಿಡುವವರು ಅಂಥ ಕೊಕ್ಕೆಯನ್ನೇ ಕೇಳುತ್ತಾರೆ ಎಂದು ಅರುಣ್ ಕುಮಾರ್ ವಿವರಿಸುತ್ತಾರೆ. ಗಂಗಾಂಬಿಕಾ ಎರಡನೇ ಮಾತಿಗೆ ಕಾಯುವುದಿಲ್ಲ. "ಅಂಗಾದ್ರೆ ನನ್ನ ಹುಳ ಅವರಿಗೇ ಹೋಗ್ಲಿ. ಮಿಕ್ಕೋರಿಗೆ ಬೇಡ." ಒಬ್ಬಿಬ್ಬರು ಖರೀದಿದಾರರು ಕೈಬಿಟ್ಟಾರು ಎಂದರೂ ಅವರು ಜಗ್ಗುವುದಿಲ್ಲ. ಕೊನೆಗೆ ಅರುಣ್ ಕುಮಾರ್ ಹೂಂ ಅನ್ನುತ್ತಾರೆ.

ಸೋಮವಾರ ಅವರು ಮತ್ತೆ ಜಗಲಿಯಲ್ಲಿದ್ದಾರೆ. ಒಂದೊಂದು ಕೊಕ್ಕೆಯನ್ನೂ ಮೊದಲು ಇಕ್ಕಳಕ್ಕೆ ಕೊಟ್ಟು, ಮುಳ್ಳು ಅದುಮಿ, ಬೆರಳಿನಿಂದ ಸವರಿ ನೋಡಿ, ಆಮೇಲೆ ದಾರ ಸುತ್ತುತ್ತಾರೆ. ಕೆಲಸಕ್ಕೆ ಅರ್ಧ ನಿಮಿಷ ಹೆಚ್ಚಾಗಿದೆ. ನೋಡಲು ಹೋಗಿದ್ದಕ್ಕೆ ಬೇಜಾರಾಯಿತೇ ಎಂದು ಕೇಳಿದರೆ ತಲೆ ಎತ್ತದೆಯೇ ಉತ್ತರ ಬರುತ್ತದೆ.

"ಇಲ್ಲ ಬುಡಿ. ನಾನು ಕಟ್ಟಿದ್ದನ್ನ ನಿಜವಾದ ಹುಳಾನೇ ಅಂತ ಆ ಮೀನು ನಂಬ್ಕೊಂಡು ಬಂತು. ನಂಬಿ ಬಂದಿದ್ದಕ್ಕೆ ಅದರ ಬಾಯಿ ಹರೀಬಾರದು, ಅಷ್ಟೇಯ."