ನಂಬದ ವಾಮನರಾಯರು

ಅಂದು ಬೆಳಿಗ್ಗೆ ಮಜ್ಜಿಗೆ ಕಡೆದಿಟ್ಟು ಮಗಳು ಶಾರದೆಗೆ ಜಡೆ ಹಾಕುತ್ತಿದ್ದೆ. ಹೊರಗೆ ಸರಕಾರದಿಂದ ಬಂದ ವಾಮನರಾಯರು ನಮ್ಮ ತಿಳವಳ್ಳಿಯ ಗೌಡರಿಗೆ, "ಎಲ್ಲಾರೂ ಆರಾಮ ಅಂದ್ರ ನನಗ ಸಂಶೇ ಬರ್ತದರಿ," ಎನ್ನುತ್ತಿದ್ದರು.

ಅವರ ಸ್ವಭಾವವೇ ಅದು. ಚಹಾ ಕೊಟ್ಟರೆ ಬಟ್ಟಲನ್ನು ಬೆಳಕಿಗೆ ಹಿಡಿಯುವರು. ಕುರ್ಚಿ ಕೊಟ್ಟರೆ ಅಲುಗಿಸಿ ನೋಡಿಯೇ ಕೂಡುವರು. ಯುದ್ಧದ ಕಾಲವದು. ಮಕ್ಕಳ ಹೊಟ್ಟೆ ಮುಟ್ಟಿ, ಚಳಿಜ್ವರದಿಂದ ಬೆಳೆಯುವ ಜ್ವರಗಡ್ಡೆ ಯಾವ ಊರಲ್ಲಿ ಎಷ್ಟು ಮಕ್ಕಳಿಗಿದೆ ಎಂದು ಲೆಕ್ಕ ಹಾಕಲು ಸರಕಾರ ಅವರನ್ನು ಹಾನಗಲ್ ಸೀಮೆಗೆ ಕಳಿಸಿತ್ತು. ಗಡ್ಡೆ ಹೆಚ್ಚಿದ್ದ ಊರಿಗೆ ಕ್ವಿನೈನ್ ಗುಳಿಗೆ ಮೊದಲು.

ಗೌಡರು ತೋರಿಸಿದ ಮನೆಗಳು ಅವರಿಗೆ ಬೇಡ. ಮನೆಗೊಂದು ಚೀಟಿ ಬರೆದು ಗಡಿಗೆಗೆ ಹಾಕಿ, ಕಣ್ಣು ಮುಚ್ಚಿ ಎತ್ತಿದರು. "ನೀವು ಆರಿಸಿದ್ರೂ ಮೋಸ, ನಾ ಆರಿಸಿದ್ರೂ ಮೋಸ." ಧಾರವಾಡದ ಕಾನ್ವೆಂಟಿನಲ್ಲಿ ಗಣಿತ ಕಲಿತ ನನಗೂ ಅದು ಹುಡುಗಾಟವೆನಿಸಿತು. ಓಣಿಯವರಿಗೋ, ಯಾರನ್ನು ಹಿಡಿದೊಯ್ಯಲು ಈ ಚೀಟಿ ಎಂಬ ಗುಮಾನಿ.

ಚೀಟಿ ಪಕ್ಕದ ಮನೆಯ ಗಂಗವ್ವನಿಗೆ ಬಂತು. "ಒಂದೀಟು ಶಾರಿನ್ನ ಕಳಸ್ರಿ, ಅಕ್ಕಾರ," ಎಂದು ಮಗಳನ್ನು ಕರೆದೊಯ್ದಳು. ಯಾಕೆಂದು ನಮ್ಮ ಹೊಸ್ತಿಲಿಗೆ ಬಂದರೆ, ತನ್ನ ಪಡಸಾಲೆಯಲ್ಲಿ ರಾಯರಿಗೆ, "ಇದ ನೋಡ್ರಿ ನನ್ನ ಕೂಸು," ಎನ್ನುತ್ತಿದ್ದಾಳೆ!

ರಾಯರು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಶಾರದೆಯ ಹೊಟ್ಟೆ ಮುಟ್ಟಿದರು. ಗಡ್ಡೆ ಇರಲಿಲ್ಲ. ಅವಳ ಎಣ್ಣೆ ಹಚ್ಚಿದ ಜಡೆ ನೋಡಿದರು, ಗಂಗವ್ವನ ಮುಖ ನೋಡಿದರು. "ತಂಗಿ, ಕುಡಿಲಿಕ್ಕೆ ನೀರು ತಾ."

ಶಾರದೆ ಗಂಗವ್ವನ ಅಡಿಗೆಮನೆ ಬಿಟ್ಟು, ಅಂಗಳ ದಾಟಿ, ನನ್ನನ್ನೂ ದಾಟಿ, ನಮ್ಮ ಕೊಡಕ್ಕೆ ಚರಿಗೆ ಅದ್ದಿದಳು.

"ನಿಮ್ಮ ಕೂಸು ಎಲ್ಲ್ಯದರಿ?" ಎಂದು ರಾಯರು ಗಂಗವ್ವನನ್ನು ಕೇಳಿದರು.

"ಪ್ಲೇಗಿನ್ಯಾಗ ಹಿಂಗ ಮುಟ್ಟಿ ನೋಡಿ ನಮ್ಮಣ್ಣನ್ನ ಒಯ್ದ್ರು. ತಿರುಗಿ ಬರಲಿಲ್ಲ ಅಂವ. ನಿಮ್ಮನ್ನ ಹ್ಯಾಂಗ ನಂಬಲಿ?"

"ನಂಬಬ್ಯಾಡ್ರಿ. ನಾನೂ ನಿಮ್ಮನ್ನ ನಂಬಿಲ್ಲ." ರಾಯರು ಹೊರಗೆ ಹೋಗಿ ಕಟ್ಟೆಯ ಮೇಲೆ ಕುಳಿತರು. "ಆದ್ರ ಎಲ್ಲಾರೂ ಹಿಂಗ ಆರಾಮಿದ್ದ ಕೂಸು ತೋರಿಸಿದ್ರ, ಊರಿಗೆ ಜ್ವರನ ಇಲ್ಲ ಅಂತಾಗ್ತದ. ಗುಳಿಗಿ ಬ್ಯಾರೆ ಊರಿಗೆ ಹೋಗ್ತಾವ."

ಬಿಸಿಲು ಕಟ್ಟೆಗೇರಿತು. ಅವರು ಏಳಲಿಲ್ಲ. ಕೊನೆಗೆ ಗಂಗವ್ವ ಭತ್ತದ ಚೀಲಗಳ ಹಿಂದಿನಿಂದ ಮಗ ಬಸ್ಯಾನನ್ನು ಹೊದ್ದ ಕೌದಿ ಸಮೇತ ಎತ್ತಿ ತಂದಳು. ಹುಡುಗ ನಡುಗುತ್ತಿದ್ದ. ತನ್ನ ತೊಡೆಯ ಮೇಲೆಯೇ ಮಲಗಿಸಿಕೊಂಡು, ಅವನ ತೋಳು ಬಿಡದೆ ಹೊಟ್ಟೆ ತೋರಿಸಿದಳು.

"ಗಡ್ಡಿ ದೊಡ್ಡದದ," ಎಂದಷ್ಟೇ ಹೇಳಿ, ತಮ್ಮ ಪಾಲಿನ ಗುಳಿಗೆಗಳನ್ನು ಕೊಟ್ಟು ರಾಯರು ಹಾನಗಲ್ಲಿಗೆ ಹೊರಟರು. ಮುಂದೆ ಊರಿಗೆ ಕ್ವಿನೈನ್ ಬಂತು. ಅವರು ಮತ್ತೆ ಬರಲಿಲ್ಲ.

ರಾಯರು ಹೊರಟ ದಿನ ಸಂಜೆ ಗಂಗವ್ವ ಅಕ್ಕಿ ಕೇರುತ್ತಾ, ತಲೆಯೆತ್ತದೆ ಹೇಳಿದಳು: "ಅಕ್ಕಾರ, ನಾಕ ದಿನಾ ನಿಮ್ಮ ಹಿತ್ತಲ ಬಾಗಲಾ ಹಾಕಬ್ಯಾಡ್ರಿ. ಆ ರಾಯ ಒಯ್ಯಾಕ ತಿರುಗಿ ಬಂದ್ರ, ಬಸ್ಯಾನ್ನ ಎತ್ಕೊಂಡು ನಿಮ್ಮಲ್ಲೇ ಬರ್ತೇನಿ."